ಯವನಪುರದಲ್ಲಿ ಮೂರು ದಿನ



ಈ ಪುಟದಲ್ಲಿ ನಾವು ತಿಂಗಳು ತಿಂಗಳೂ ನಮ್ಮ ನಾಡಿನ ಊರುಗಳ, ಗುಡಿಗೋಪುರಗಳ ವಿಚಾರವನ್ನೇ ಬರೆಯುತ್ತ ಬಂದಿರುವೆವು. ಈ ಸಲ ಮಾತ್ರ ಸಮುದ್ರವನ್ನು ದಾಟಿ ಹೋಗಿಬಂದ ವೃತ್ತಾಂತವನ್ನು ಹೇಳಬೇಕಾಗಿದೆ. ನಮ್ಮ ಅಳಿಯಂದಿರು ಈಜಿಪ್ಟ್ ದೇಶದ ರಾಜಧಾನಿಯಾದ ಕೈರೋ ನಗರದಲ್ಲಿ ಉದ್ಯೋಗದಲ್ಲಿರುವರು. “ಪಿಂಚಣಿ ಬಂದ ಮೇಲಾದರೂ ಒಂದು ಸಲ ಬನ್ನಿ, ಅಪ್ಪ” ಎಂದು ಮಗಳು ಕರೆಯುತ್ತಲೇ ಇದ್ದಳು. ಕಳೆದ ಪುಷ್ಯಮಾಸದಲ್ಲಿ ನಾವೂ ನಮ್ಮ ಮನೆಯವರೂ ಹೊರಟೆವು. ಪಿರಮಿಡ್ಡುಗಳನ್ನು ನೋಡಿದ್ದಾಯಿತು; ಅವುಗಳ ವಿಚಾರವಾಗಿ ಬರೆದವರು ಬಹಳ ಮಂದಿ ಇದ್ದಾರೆ. ನಮ್ಮ ಮನಸ್ಸು ಮಾತ್ರ ಮೊದಲಿನಿಂದಲೂ ಉತ್ತರದ ಕಡಲತೀರದಲ್ಲಿರುವ ಅಲೆಕ್ಸಾಂಡ್ರಿಯಾ ಪಟ್ಟಣದ ಮೇಲೆ ನೆಟ್ಟಿದ್ದಿತು.

ಅದಕ್ಕೆ ಕಾರಣವುಂಟು. ವರಾಹಮಿಹಿರಾಚಾರ್ಯನು ಕ್ರಿ. ಶ. ಆರನೆಯ ಶತಮಾನದಲ್ಲಿ ರಚಿಸಿದ ‘ಪಂಚಸಿದ್ಧಾಂತಿಕಾ’ ಎಂಬ ಜ್ಯೋತಿರ್ಗ್ರಂಥದಲ್ಲಿ ಯವನಪುರವೆಂಬ ಒಂದು ಪಟ್ಟಣದ ಹೆಸರು ಬರುತ್ತದೆ. ಅದಕ್ಕೂ ಅವಂತಿಗೂ, ಎಂದರೆ ಉಜ್ಜಯಿನಿಗೂ, ಕಾಲದಲ್ಲಿ ಏಳು ನಾಡಿ ಇಪ್ಪತ್ತು ವಿನಾಡಿಗಳ ಅಂತರವೆಂದು ಆಚಾರ್ಯನು ಹೇಳಿರುವನು. ಒಂದು ನಾಡಿಯೆಂದರೆ ೨೪ ನಿಮಿಷ. ಭೂಗೋಳದ ಮೇಲೆ ೬ ಅಂಶ. ಲೆಕ್ಕ ಹಾಕಿದರೆ ೪೪ ಅಂಶಗಳಾಗುತ್ತವೆ. ಇಂದಿನ ಭೂಪಟವನ್ನು ತೆರೆದು ಉಜ್ಜಯಿನಿಗೂ ಅಲೆಕ್ಸಾಂಡ್ರಿಯಾಕ್ಕೂ ಇರುವ ರೇಖಾಂಶಗಳ ಅಂತರವನ್ನು ನೋಡಿದರೆ ಅದು ೪೬ಕ್ಕೆ ತುಸು ಕಡಿಮೆ. ಯವನಪುರವೆಂದರೆ ಇದೇ ಪಟ್ಟಣವೆಂದು ವಿದ್ವಾಂಸರು ನಿರ್ಣಯಿಸಿರುವುದು ಈ ಲೆಕ್ಕದ ಬಲದಿಂದಲೇ. ನಾವು ವಿದ್ಯಾರ್ಥಿಯಾಗಿದ್ದಾಗ ಗುರುಗಳು ಈ ಲೆಕ್ಕವನ್ನು ಹಲಗೆಯ ಮೇಲೆ ಮಾಡಿ ತೋರಿಸಿದ್ದರು. ಅಂದಿನಿಂದ ಆ ಊರು ನಮಗೆ ಪರದೇಶವೆಂದು ತೋರಿದ್ದೇ ಇಲ್ಲ.

ಕೈರೋವಿನಿಂದ ರೈಲಿನಲ್ಲಿ ಸುಮಾರು ಮೂರು ಗಂಟೆಯ ಪ್ರಯಾಣ. ನೈಲ್ ನದಿಯ ಮುಖಜಭೂಮಿಯಲ್ಲಿ ದಾರಿಯುದ್ದಕ್ಕೂ ಹಸುರು ಹೊಲಗಳು, ಕಾಲುವೆಗಳು, ಖರ್ಜೂರದ ಮರಗಳು. ಮಂಡ್ಯದ ಕಡೆಯ ನೀರಾವರಿ ಭೂಮಿಯನ್ನು ಕಂಡವರಿಗೆ ಆ ನೋಟ ಹೊಸದೆನಿಸದು. ನಮ್ಮ ಜೊತೆಯಲ್ಲಿ ಮಗಳೂ, ಹನ್ನೊಂದು ವರ್ಷದ ಮೊಮ್ಮಗಳೂ ಇದ್ದರು. ಮೊಮ್ಮಗಳಿಗೆ ಪ್ರಶ್ನೆ ಕೇಳುವ ಅಭ್ಯಾಸ. ಈ ಬರಹದ ಮುಖ್ಯ ವಿಷಯವು ಅವಳು ಕೇಳಿದ ಒಂದು ಪ್ರಶ್ನೆಯಿಂದಲೇ ಹುಟ್ಟಿದ್ದು. ಅದನ್ನು ಅದರ ಸ್ಥಳದಲ್ಲಿ ಹೇಳುವೆವು.

ಅಲೆಕ್ಸಾಂಡರನು ಈ ಪಟ್ಟಣವನ್ನು ಕ್ರಿ. ಪೂ. ೩೩೧ರಲ್ಲಿ ಸ್ಥಾಪಿಸಿದನು. ಬೀದಿಗಳ ನಕ್ಷೆಯನ್ನು ನೆಲದ ಮೇಲೆ ಗುರುತಿಸಲು ಸುಣ್ಣವು ಸಾಲದೆ ಜವೆಯ ಹಿಟ್ಟಿನಿಂದ ಗೆರೆ ಎಳೆದರಂತೆ. ಕೂಡಲೇ ಹಕ್ಕಿಗಳ ಹಿಂಡು ಬಂದಿಳಿದು ಹಿಟ್ಟನ್ನೆಲ್ಲ ತಿಂದುಬಿಟ್ಟಿತಂತೆ. ಅರಸನಿಗೆ ಅಪಶಕುನವೆಂಬ ಶಂಕೆಯಾಯಿತು. ಈ ನಗರವು ಅನೇಕ ಜನಾಂಗಗಳಿಗೆ ಅನ್ನವಿಕ್ಕುವುದೆಂದು ಅದರ ಅರ್ಥವೆಂದು ದೈವಜ್ಞರು ಸಮಾಧಾನ ಹೇಳಿದರು. ಈ ಕಥೆಯನ್ನು ಪ್ಲೂಟಾರ್ಕನೆಂಬ ಗ್ರೀಕ್ ಗ್ರಂಥಕಾರನು ಬರೆದಿಟ್ಟಿರುವನು. ಅದನ್ನು ಕೇಳಿ ನಮ್ಮ ಮನೆಯವರು, “ಅಕ್ಕಿಹಿಟ್ಟಿನ ರಂಗೋಲಿ ಇಡುವುದೇ ಇರುವೆಗೂ ಗುಬ್ಬಿಗೂ ಆಹಾರವಾಗಲೆಂದು. ಇದರಲ್ಲಿ ಅಪಶಕುನವೇನು ಬಂತು?” ಎಂದರು. ಆ ದೈವಜ್ಞರ ಸಭೆಯಲ್ಲಿ ನಮ್ಮ ಮನೆಯವರಿದ್ದಿದ್ದರೆ ಅರಸನ ಚಿಂತೆಯು ಇನ್ನೂ ಬೇಗ ಪರಿಹಾರವಾಗುತ್ತಿದ್ದಿತು.

ಮೊದಲ ದಿನ ಬೆಳಿಗ್ಗೆ ಕೈತ್ ಬೇ ಕೋಟೆಗೆ ಹೋದೆವು. ಕಡಲಿನೊಳಕ್ಕೆ ಚಾಚಿಕೊಂಡಿರುವ ನೆಲದ ತುದಿಯಲ್ಲಿ ಈ ಬಿಳಿಯ ಕೋಟೆಯು ನಿಂತಿದೆ. ಪೂರ್ವದಲ್ಲಿ ಇದು ಫಾರೋಸ್ ಎಂಬ ದ್ವೀಪ. ದಡದಿಂದ ದ್ವೀಪಕ್ಕೆ ಏಳು ಸ್ಟೇಡಿಯ ಉದ್ದದ, ಎಂದರೆ ಒಂದು ಕಿಲೋಮೀಟರಿಗೂ ಮಿಕ್ಕಿದ, ಕಟ್ಟೆಯೊಂದನ್ನು ಕಟ್ಟಿದರು. ಕಟ್ಟೆಯ ಇಕ್ಕೆಲಗಳಲ್ಲಿಯೂ ಮರಳು ತುಂಬುತ್ತ ಬಂದು, ಶತಮಾನಗಳು ಕಳೆಯುವಲ್ಲಿ ಅಗಲವಾದ ನೆಲವೇ ಆಯಿತು. ಇಂದು ಅದರ ಮೇಲೆ ಕೇರಿಗಳೂ ಸಂತೆಬೀದಿಗಳೂ ಮಸೀದಿಗಳೂ ಇವೆ. ಅಲ್ಲಿ ನಡೆಯುವವನು ತಾನು ಹಳೆಯ ಕಡಲಿನ ಮೇಲೆ ನಡೆಯುತ್ತಿರುವೆನೆಂದು ಅರಿಯನು.

ಈ ದ್ವೀಪದಲ್ಲಿಯೇ ಜಗತ್ಪ್ರಸಿದ್ಧವಾದ ದೀಪಸ್ತಂಭವಿದ್ದಿತು. ಕ್ರಿ. ಪೂ. ೨೮೦ರ ಸುಮಾರಿನಲ್ಲಿ ಮುಗಿದ ಈ ಗೋಪುರವು ನೂರು ಮೀಟರಿಗೂ ಎತ್ತರವಾಗಿತ್ತೆಂದು ಎಣಿಸಿರುವರು. ಕೆಳಗೆ ಚತುರಸ್ರ, ನಡುವೆ ಅಷ್ಟಾಸ್ರ, ಮೇಲೆ ವೃತ್ತ, ಹೀಗೆ ಮೂರು ನೆಲೆಗಳು. ಸಾವಿರದ ಆರುನೂರು ವರ್ಷಗಳ ಕಾಲ ಅದು ನಿಂತಿದ್ದಿತು. ಅದನ್ನು ಯಾವ ಶತ್ರುವೂ ಕೆಡವಲಿಲ್ಲ. ಭೂಕಂಪಗಳು ಒಂದೊಂದಾಗಿ ಬಂದು ಸಡಲಿಸಿದವು. ಇಬ್ನ್ ಬತೂತನೆಂಬ ಯಾತ್ರಿಕನು ೧೩೨೬ರಲ್ಲಿ ಬಂದಾಗ ಅದರ ಒಂದು ಮುಖವು ಮಾತ್ರ ಬಿದ್ದಿದ್ದಿತು; ೧೩೪೯ರಲ್ಲಿ ಮರಳಿ ಬಂದಾಗ ಬಾಗಿಲನ್ನು ಸಮೀಪಿಸುವುದಕ್ಕೂ ಆಗದಷ್ಟು ಪಾಳಾಗಿದ್ದಿತು. ಇಪ್ಪತ್ತಮೂರು ವರ್ಷಗಳ ನಡುವೆ ಒಬ್ಬನೇ ಮನುಷ್ಯನು ಎರಡು ಸಲ ನೋಡಿ ಬರೆದಿಟ್ಟ ಈ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಸುಲ್ತಾನ ಕೈತ್ ಬೇಯು ೧೪೭೭ರಿಂದ ೧೪೭೯ರವರೆಗೆ ಅದೇ ಸ್ಥಳದಲ್ಲಿ, ಬಿದ್ದ ಕಲ್ಲುಗಳಲ್ಲಿ ಕೆಲವನ್ನೂ ಬಳಸಿಕೊಂಡು, ಈ ಕೋಟೆಯನ್ನು ಕಟ್ಟಿಸಿದನು. ಮಿಕ್ಕ ಕಲ್ಲುಗಳು ಕೋಟೆಯ ಬುಡದಲ್ಲಿ ನೀರಿನೊಳಗೆ ಬಿದ್ದಿವೆ. ೧೯೯೪ರಿಂದ ಮುಳುಗುಗಾರರು ಅವನ್ನು ಪರಿಶೋಧಿಸುತ್ತ ಬಂದಿದ್ದು, ೨೦೨೫ರಲ್ಲಿ ೨೨ ಮಹಾಶಿಲೆಗಳನ್ನು ಮೇಲಕ್ಕೆತ್ತಿದರು.

ದೀಪಸ್ತಂಭದ ಆಕಾರವನ್ನು ಕಣ್ಣಾರೆ ಕಾಣಬೇಕೆಂಬ ಆಸೆಯುಳ್ಳವರಿಗೆ ಒಂದು ಉಪಾಯವುಂಟು. ನಗರದಿಂದ ಪಶ್ಚಿಮಕ್ಕೆ ಸುಮಾರು ೪೫ ಕಿಲೋಮೀಟರ್ ದೂರದಲ್ಲಿ ಅಬೂಸಿರ್ ಎಂಬಲ್ಲಿ ಪ್ರಾಚೀನ ಸ್ಮಶಾನದ ನಡುವೆ ಚಿಕ್ಕದೊಂದು ಗೋಪುರವಿದೆ. ಅದೂ ಮೂರು ನೆಲೆಯದೇ. ಮಹಾದೀಪಸ್ತಂಭದ ಮಾದರಿಯಲ್ಲಿಯೇ ಕಟ್ಟಿದುದೆಂದು ಪಂಡಿತರ ಅಭಿಪ್ರಾಯ. ಮೂಲವು ಹೋಗಿ ಪ್ರತಿಯು ಉಳಿದಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುವೆವು.

ಸಂಜೆ ಕಡಲ ದಂಡೆಯ ರಾಜಮಾರ್ಗದಲ್ಲಿ ನಡೆದಾಡಿದೆವು. ಚಳಿಗಾಲದಲ್ಲಿ ಅಲ್ಲಿ ಮಳೆಯೂ ಬಿರುಗಾಳಿಯೂ ಬರುವುದುಂಟು. ಉಣ್ಣೆಯ ಶಾಲು ಅವಶ್ಯ. ಶಾಕಾಹಾರಿಗಳು ಉಪವಾಸವಿರಬೇಕಾದೀತೆಂದು ಅಂಜಬೇಕಾಗಿಲ್ಲ. ರಾತ್ರಿಯೆಲ್ಲ ಬೇಯಿಸಿದ ಕಾಳಿನ ‘ಫೂಲ್’ ಎಂಬ ಪದಾರ್ಥವನ್ನು ರೊಟ್ಟಿಯೊಡನೆ ಕೊಡುವರು. ಅಕ್ಕಿ, ಮಸೂರು ಬೇಳೆ, ಕಡಲೆಕಾಳು, ಶಾವಿಗೆ, ಹುರಿದ ಈರುಳ್ಳಿ ಇವುಗಳನ್ನು ಸೇರಿಸಿ ಮಾಡಿದ ‘ಕುಶರಿ’ ಎಂಬುದು ಬಹಳ ರುಚಿಯಾದುದು. ಅದರ ಹೆಸರಿಗೂ ನಮ್ಮ ಖಿಚಡಿಗೂ ನಂಟುಂಟೆಂದು ಅನೇಕರು ಎಣಿಸುವರು. ನಮ್ಮ ಮನೆಯವರು ಎರಡು ತುತ್ತು ತಿಂದು, “ನಂಟು ಇರಬಹುದು, ಇಂಗು ಮಾತ್ರ ಹಡಗು ಹತ್ತಲಿಲ್ಲ” ಎಂದು ತೀರ್ಪು ಕೊಟ್ಟರು.

ಎರಡನೆಯ ದಿನ ನೆಲದೊಳಗಿನ ಅಲೆಕ್ಸಾಂಡ್ರಿಯಾವನ್ನು ನೋಡುವುದೆಂದು ನಿಶ್ಚಯಿಸಿದೆವು. ಮೊದಲಿಗೆ ಕಾಣಸಿಗುವುದು ಪಾಂಪೆಯ ಸ್ತಂಭ. ಅಸ್ವಾನದ ಕೆಂಪು ಗ್ರಾನೈಟ್ ಶಿಲೆಯದು. ಪೀಠ ಬೋದಿಗೆಗಳು ಸೇರಿ ಸುಮಾರು ೨೭ ಮೀಟರ್ ಎತ್ತರ. ನಡುವಿನ ಕಂಬವು ಇಪ್ಪತ್ತು ಮೀಟರಿಗೂ ಮಿಕ್ಕಿದ ಒಂದೇ ಕಲ್ಲು. ಪಾಂಪೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಕ್ರಿ. ಶ. ೩೦೦ರ ಸುಮಾರಿನಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿಯ ಗೌರವಾರ್ಥವಾಗಿ ನಿಲ್ಲಿಸಿದುದು. ಇದು ನಿಂತಿರುವ ದಿಬ್ಬವೇ ಸೆರಾಪಿಸ್ ದೇವರ ಮಹಾಲಯವಿದ್ದ ಸ್ಥಳ. ಆ ದೇವಾಲಯದಲ್ಲಿ ಮಹಾಗ್ರಂಥಾಲಯದ ಮಗಳೆಂದು ಕರೆಯಲ್ಪಟ್ಟ ಎರಡನೆಯ ಪುಸ್ತಕಭಂಡಾರವೊಂದಿದ್ದಿತು. ಕ್ರಿ. ಶ. ೩೯೧ರ ಸುಮಾರಿನಲ್ಲಿ ಮತಕಲಹದಲ್ಲಿ ಆ ಆಲಯವು ನಾಶವಾಯಿತು. ದಿಬ್ಬದ ಕೆಳಗೆ ಬಂಡೆಯಲ್ಲಿ ಕೊರೆದ ಓಣಿಗಳಿವೆ, ಗೋಡೆಗಳಲ್ಲಿ ಗೂಡುಗಳಿವೆ. ಬರಿಯ ಗೂಡುಗಳು.

ಅಲ್ಲಿಂದ ಸಮೀಪದಲ್ಲಿಯೇ ಕೋಮ್ ಎಲ್ ಶುಖಾಫಾ ಎಂಬ ಪಾತಾಳ ಸಮಾಧಿಗಳು. ೧೯೦೦ರಲ್ಲಿ ಒಂದು ಕತ್ತೆಯು ನೆಲ ಕುಸಿದು ಒಳಗೆ ಬಿದ್ದುದರಿಂದ ಇವು ಪ್ರಕಾಶಕ್ಕೆ ಬಂದವೆಂದು ಹೇಳುವರು. ಸುತ್ತುಮೆಟ್ಟಿಲುಗಳನ್ನು ಇಳಿದು ಹೋಗಬೇಕು. ಮಂಡಿನೋವಿನವರು ಯೋಚಿಸಿ ಇಳಿಯುವುದು ಲೇಸು. ಕ್ರಿ. ಶ. ಎರಡನೆಯ ಶತಮಾನದ ಈ ಸಮಾಧಿಯಲ್ಲಿ ನಾಯಿಮೊಗದ ಅನೂಬಿಸ್ ದೇವತೆಯು ರೋಮನ್ ಸೈನಿಕನ ಕವಚವನ್ನು ತೊಟ್ಟು ನಿಂತಿರುವನು. ಮೂರು ನಾಗರಿಕತೆಗಳು ಒಂದೇ ಗೋಡೆಯ ಮೇಲೆ ಜಗಳವಿಲ್ಲದೆ ಕೂಡಿರುವುದನ್ನು ಇಲ್ಲಿ ಕಾಣಬಹುದು. ಆ ಊರಿನ ಹೆಸರಿಗೆ ಬೋಕಿಗಳ ದಿಬ್ಬವೆಂದು ಅರ್ಥ. ಸತ್ತವರ ನೆನಪಿನ ಭೋಜನಕ್ಕೆಂದು ಬಂಧುಗಳು ಮಡಕೆ ಕುಡಿಕೆಗಳಲ್ಲಿ ಆಹಾರವನ್ನು ತಂದು, ಉಂಡಾದ ಮೇಲೆ ಆ ಪಾತ್ರೆಗಳನ್ನು ಮನೆಗೆ ಒಯ್ಯದೆ ಅಲ್ಲಿಯೇ ಒಡೆಯುತ್ತಿದ್ದರಂತೆ. ನಾವಾರೂ ಮಾತಾಡಲಿಲ್ಲ. ಮಡಕೆಯೊಡೆಯುವ ಶಬ್ದವನ್ನು ಸ್ಮಶಾನದಲ್ಲಿ ಕೇಳಿದವರಿಗೆ ವಿವರಣೆ ಬೇಕಾಗಿಲ್ಲ.

ಮಧ್ಯಾಹ್ನ ರೈಲು ನಿಲ್ದಾಣದ ಬಳಿಯ ಕೋಮ್ ಎಲ್ ದಿಕ್ಕಾ ಎಂಬ ಉತ್ಖನನ ಸ್ಥಳಕ್ಕೆ ಬಂದೆವು. ೧೯೬೦ರಲ್ಲಿ ಇಲ್ಲಿ ಅಮೃತಶಿಲೆಯ ಆಸನಗಳುಳ್ಳ ಅರ್ಧವೃತ್ತಾಕಾರದ ರಂಗಮಂಟಪವು ದೊರೆಯಿತು. ಪ್ರವಾಸಿಗಳೆಲ್ಲರೂ ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವರು. ಆದರೆ ಅಧ್ಯಾಪಕರಾದವರು ನೋಡಬೇಕಾದುದು ಅದರ ಪಕ್ಕದ ಸಾಲನ್ನು. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಾಠದ ಕೊಠಡಿಗಳನ್ನು ಪೋಲೆಂಡ್ ದೇಶದ ಶೋಧಕರು ಅಗೆದು ತೆಗೆದಿರುವರು. ಗೋಡೆಗಳಿಗೆ ಹೊಂದಿಕೊಂಡು ಲಾಳದ ಆಕಾರದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಲ್ಲಿನ ಪೀಠಗಳು. ನಡುವೆ ಎತ್ತರವಾದ ಒಂದು ಆಸನ, ಅದು ಗುರುಗಳದು. ನಾವು ಪೀಠದ ಮೇಲೆ ಕುಳಿತೆವು. ಮೂವತ್ತನಾಲ್ಕು ವರ್ಷ ಎದುರು ನಿಂತು ಪಾಠ ಹೇಳಿದವರಿಗೆ ಶಿಷ್ಯರ ಸಾಲಿನಲ್ಲಿ ಕುಳಿತುಕೊಳ್ಳುವ ಸುಖವು ದೊರೆಯಿತು.

ಆಗ ಮೊಮ್ಮಗಳು ಅಲ್ಲಿಯ ಫಲಕವನ್ನು ಓದುತ್ತಿದ್ದಳು. “ತಾತ, ಇವು ಯಾವ ಕಾಲದ ಕೊಠಡಿಗಳು?” ಎಂದು ಕೇಳಿದಳು. ಐದರಿಂದ ಏಳನೆಯ ಶತಮಾನದವರೆಗಿನವು ಎಂದೆವು. “ಗ್ರಂಥಾಲಯ ಸುಟ್ಟು ಹೋಗಿದ್ದು ಯಾವಾಗ?” ಸೀಸರನ ಕಾಲದಲ್ಲಿ, ಕ್ರಿ. ಪೂ. ೪೮ರಲ್ಲಿ ಎಂದೆವು. ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿದಳು. “ಒಂದೇ ರಾತ್ರಿಯಲ್ಲಿ ಪುಸ್ತಕವೆಲ್ಲ ಸುಟ್ಟು ಹೋಗಿ, ಅಲ್ಲಿಗೆ ವಿದ್ಯೆಯೇ ಮುಗಿಯಿತು ಅಂತ ನೀವು ಅಮ್ಮನಿಗೆ ಪಾಠ ಹೇಳಿದ್ದಿರಂತೆ. ಹಾಗಾದರೆ ಐನೂರು ವರ್ಷ ಆದಮೇಲೆ ಇವರು ಇಲ್ಲಿ ಕುಳಿತು ಏನು ಓದುತ್ತಿದ್ದರು, ತಾತ?”

ನಮಗೆ ಉತ್ತರ ತೋಚಲಿಲ್ಲ. ನಮ್ಮ ಮಗಳು ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡು ನಕ್ಕಳು. ಅವಳೂ ನಮ್ಮ ತರಗತಿಯಲ್ಲಿ ಕುಳಿತವಳೇ. ಹೌದು, ಸಂಸ್ಕೃತದೊಡನೆ ಚರಿತ್ರೆಯನ್ನೂ ಬೋಧಿಸುತ್ತಿದ್ದ ನಾವು ವರ್ಷ ವರ್ಷವೂ ಆ ಬೆಂಕಿಯನ್ನು ಬಹು ಉತ್ಸಾಹದಿಂದ ವರ್ಣಿಸುತ್ತಿದ್ದೆವು. ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು. ಚೆನ್ನಾಗಿ ಹೇಳಬಹುದಾದ ಕಥೆಯೆಂಬ ಒಂದೇ ಕಾರಣದಿಂದ ಅದನ್ನು ನಾವು ಪರೀಕ್ಷಿಸಲಿಲ್ಲ. ಆ ಹುಡುಗರಲ್ಲಿ ಕೆಲವರು ಇಂದು ಈ ಪತ್ರಿಕೆಯನ್ನು ಓದುವ ಗೃಹಸ್ಥರಾಗಿರುವರು. ಅವರಿಗೆ ನಾವು ಒಂದು ತಿದ್ದುಪಡಿಯನ್ನು ಸಲ್ಲಿಸಬೇಕಾಗಿದೆ.

ನಡೆದುದು ಹೀಗೆ. ಟಾಲೆಮಿ ವಂಶದ ಅರಸರು ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಗ್ರಂಥಾಲಯವನ್ನು ಬೆಳೆಸಿದರು. ಬಂದರಿಗೆ ಬಂದ ಹಡಗುಗಳಲ್ಲಿ ಪುಸ್ತಕಗಳಿದ್ದರೆ ಅವನ್ನು ತೆಗೆದುಕೊಂಡು, ಪ್ರತಿ ಮಾಡಿಸಿ, ಪ್ರತಿಯನ್ನು ಯಜಮಾನನಿಗೆ ಕೊಟ್ಟು ಮೂಲವನ್ನು ತಾವೇ ಇಟ್ಟುಕೊಳ್ಳುತ್ತಿದ್ದರೆಂದು ಗೇಲನ್ ಎಂಬ ವೈದ್ಯನು ಬರೆದಿರುವನು. ಕಲ್ಲಿಮಾಕಸನು ೧೨೦ ಸುರುಳಿಗಳ ಸೂಚಿಯನ್ನು ಸಿದ್ಧಪಡಿಸಿದನು. ಎರಟಾಸ್ತನೀಸನು ನೆರಳಿನ ಅಳತೆಯಿಂದ ಭೂಮಿಯ ಸುತ್ತಳತೆಯನ್ನು ಗಣಿಸಿದನು. ಆ ಮೇಲೆ ಕ್ರಿ. ಪೂ. ೧೪೫ರ ಸುಮಾರಿನಲ್ಲಿ ಎಂಟನೆಯ ಟಾಲೆಮಿಯು ವಿದ್ವಾಂಸರನ್ನು ನಗರದಿಂದ ಓಡಿಸಿದನು. ಮೊದಲನೆಯ ಏಟು ಬಿದ್ದುದು ಆಗ. ಸೀಸರನ ಯುದ್ಧದ ಬೆಂಕಿಯಲ್ಲಿ ಎಷ್ಟೋ ಸುರುಳಿಗಳು ಹೋದುವೆಂಬುದು ನಿಜ. ಆದರೆ ಅದಾದ ಮೇಲೆಯೂ ನಗರದಲ್ಲಿ ಪಂಡಿತರೂ ಪಾಠಗಳೂ ಇದ್ದುವು. ಬನವಾಸಿಯ ಹೆಸರನ್ನು ತನ್ನ ಭೂಗೋಳ ಗ್ರಂಥದಲ್ಲಿ ಬರೆದ ಟಾಲೆಮಿ ಎಂಬ ಜ್ಯೋತಿಷಿಯು ಈ ನಗರದಲ್ಲಿದ್ದುದು ಕ್ರಿ. ಶ. ಎರಡನೆಯ ಶತಮಾನದಲ್ಲಿ, ಬೆಂಕಿಯ ತರುವಾಯ. ಮೂರನೆಯ ಶತಮಾನದ ಯುದ್ಧಗಳಲ್ಲಿ ಅರಮನೆಯ ಪ್ರದೇಶವು ಪಾಳಾಯಿತು. ನಾಲ್ಕನೆಯ ಶತಮಾನದ ಕಡೆಗೆ ಸೆರಾಪಿಸ್ ಆಲಯವು ಹೋಯಿತು. ಅರಬರು ಪುಸ್ತಕಗಳನ್ನು ಸ್ನಾನಗೃಹಗಳ ಒಲೆಗೆ ಹಾಕಿದರೆಂಬ ಕಥೆಯು ಆ ಕಾಲಕ್ಕೆ ಸುಮಾರು ಐದಾರು ಶತಮಾನಗಳ ಅನಂತರ ಮೊದಲು ಕಾಣಿಸಿಕೊಂಡಿತು. ಚರಿತ್ರಕಾರರು ಅದನ್ನು ನಂಬುವುದಿಲ್ಲ.

ಇವೆಲ್ಲಕ್ಕಿಂತಲೂ ದೊಡ್ಡ ಶತ್ರುವೊಂದು ಸದ್ದಿಲ್ಲದೆ ಕೆಲಸಮಾಡುತ್ತಿದ್ದಿತು. ಅಲ್ಲಿಯ ಪುಸ್ತಕಗಳು ಪಪೈರಸ್ ಎಂಬ ಜೊಂಡಿನ ಹಾಳೆಯವು. ಕಡಲತೀರದ ತೇವದಲ್ಲಿ ಆ ಹಾಳೆಯು ಬಹುಕಾಲ ಬಾಳದು. ಕೆಲವು ತಲೆಮಾರುಗಳಿಗೊಮ್ಮೆ ಹೊಸದಾಗಿ ಪ್ರತಿ ಮಾಡಲೇಬೇಕು. ಪ್ರತಿಕಾರರಿಗೆ ಸಂಬಳವು ನಿಂತ ದಿನ, ಓದುವವರ ಸಂಖ್ಯೆಯು ಕುಗ್ಗಿದ ದಿನ, ಗ್ರಂಥಾಲಯದ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ನಮ್ಮ ಹಳೆಯ ಲಿಪಿಕಾರರು ಗ್ರಂಥಾಂತ್ಯದಲ್ಲಿ ಪುಸ್ತಕದ ಬಾಯಿಂದಲೇ ಒಂದು ಮೊರೆಯನ್ನು ಹೇಳಿಸುತ್ತಿದ್ದರು: ನೀರಿನಿಂದ ಕಾಪಾಡು, ಸಡಿಲವಾದ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡವೆಂದು. ನಾವು ಕಲಿತ ಪಾಠದಲ್ಲಿ ಬೆಂಕಿಯ ಮಾತೇ ಇಲ್ಲ. ಇದನ್ನು ಹುಡುಗರಿಗೆ ಕಂಠಪಾಠ ಮಾಡಿಸಿದವರೂ ನಾವೇ, ಬೆಂಕಿಯ ಕಥೆಯನ್ನು ಹೇಳಿದವರೂ ನಾವೇ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಬಂದುದು ಅರುವತ್ತರಲ್ಲಿ, ಪರದೇಶದ ಕಲ್ಲಿನ ಮೇಲೆ.

ಸಂಜೆ ಹೊಸ ಗ್ರಂಥಾಲಯಕ್ಕೆ ಹೋದೆವು. ಹಳೆಯದು ಇದ್ದಿರಬಹುದಾದ ಸ್ಥಳಕ್ಕೆ ಸಮೀಪದಲ್ಲಿಯೇ, ಕಡಲಿಗೆ ಎದುರಾಗಿ, ೨೦೦೨ರಲ್ಲಿ ಇದು ತೆರೆಯಲ್ಪಟ್ಟಿತು. ಉದಯಿಸುವ ಸೂರ್ಯನಂತೆ ಓರೆಯಾಗಿ ನಿಂತ ಚಕ್ರಾಕಾರದ ಮೇಲ್ಛಾವಣಿ. ಅದರ ವ್ಯಾಸ ೧೬೦ ಮೀಟರ್. ಹೊರಗೋಡೆಯು ಅಸ್ವಾನದ ಗ್ರಾನೈಟ್. ಅದರ ಮೇಲೆ ಜಗತ್ತಿನ ಸುಮಾರು ೧೨೦ ಲಿಪಿಗಳ ಅಕ್ಷರಗಳನ್ನು ಕೆತ್ತಿರುವರು. ಒಳಗೆ ಓದುವ ಶಾಲೆಯು ಗದ್ದೆಯ ಮಡಿಗಳಂತೆ ಹಂತಹಂತವಾಗಿ ಇಳಿದಿದೆ. ಕಟ್ಟಡವು ಭವ್ಯವೇ, ಆದರೆ ನಮ್ಮನ್ನು ಹೆಚ್ಚಾಗಿ ತಟ್ಟಿದುದು ಬೇರೊಂದು ಸಂಗತಿ. ೨೦೧೧ರ ಜನವರಿಯಲ್ಲಿ ದೇಶದಲ್ಲಿ ಕ್ಷೋಭೆಯಾದಾಗ, ಆ ಊರಿನ ತರುಣ ತರುಣಿಯರು ಕೈಕೈ ಹಿಡಿದು ಗ್ರಂಥಾಲಯವನ್ನು ಸುತ್ತುವರಿದು ನಿಂತು ಅದನ್ನು ಕಾಪಾಡಿದರು. ಕಿಟಕಿಯ ಒಂದು ಗಾಜೂ ಒಡೆಯಲಿಲ್ಲವೆಂದು ಊರಿನವರು ಹೆಮ್ಮೆಯಿಂದ ಹೇಳುವರು. ಸಮಯವುಳ್ಳವರು ೨೦೨೩ರಲ್ಲಿ ಮತ್ತೆ ತೆರೆದ ಗ್ರೀಕ್-ರೋಮನ್ ವಸ್ತುಸಂಗ್ರಹಾಲಯವನ್ನೂ ನೋಡಬೇಕು. ಅದಕ್ಕೆ ಅರ್ಧ ದಿನ ಬೇಕು.

ಮೂರನೆಯ ದಿನ ಪೂರ್ವಕ್ಕೆ ಸುಮಾರು ೬೫ ಕಿಲೋಮೀಟರ್ ದೂರದ ರಶೀದ್ ಪಟ್ಟಣಕ್ಕೆ ಹೋದೆವು. ಯೂರೋಪಿಯನರು ಇದನ್ನು ರೊಸೆಟ್ಟ ಎನ್ನುವರು. ನೈಲ್ ನದಿಯ ಒಂದು ಕವಲು ಇಲ್ಲಿ ಕಡಲನ್ನು ಸೇರುತ್ತದೆ. ಕೆಂಪು ಕಪ್ಪು ಇಟ್ಟಿಗೆಗಳ ಹಳೆಯ ಮನೆಗಳೂ ಅವುಗಳ ಮರದ ಜಾಲಂಧ್ರಗಳೂ ಬಹು ಸುಂದರವಾಗಿವೆ. ಊರಾಚೆಯ ಕೋಟೆಯನ್ನು ೧೭೯೯ರಲ್ಲಿ ಫ್ರೆಂಚ್ ಸೈನಿಕರು ದುರಸ್ತಿ ಮಾಡುತ್ತಿದ್ದಾಗ ಬರಹವುಳ್ಳ ಒಂದು ಕಪ್ಪು ಶಿಲೆಯು ಸಿಕ್ಕಿತು. ಕ್ರಿ. ಪೂ. ೧೯೬ರ ಶಾಸನವನ್ನು ಮೂರು ಲಿಪಿಗಳಲ್ಲಿ ಕೆತ್ತಿದ್ದ ಆ ಕಲ್ಲನ್ನು ಯಾರೋ ಗೋಡೆಯ ಕಲ್ಲನ್ನಾಗಿ ಬಳಸಿಬಿಟ್ಟಿದ್ದರು. ಅದು ಇಂದು ಲಂಡನ್ ನಗರದಲ್ಲಿದೆ. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲಿ ತೇದಿಯುಳ್ಳ ಕಟ್ಟಕಡೆಯ ಶಾಸನವು ಕ್ರಿ. ಶ. ೩೯೪ರದು. ಆಮೇಲೆ ಸುಮಾರು ಸಾವಿರದ ನಾಲ್ಕುನೂರು ವರ್ಷ, ೧೮೨೨ರಲ್ಲಿ ಶಾಂಪೋಲಿಯೋ ಎಂಬ ಫ್ರೆಂಚ್ ಪಂಡಿತನು ಈ ಕಲ್ಲಿನ ಸಹಾಯದಿಂದ ಅದರ ಗುಟ್ಟನ್ನು ಬಿಡಿಸುವವರೆಗೆ, ಆ ಲಿಪಿಯನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಗೋಡೆಗಳೂ ಕಂಬಗಳೂ ಬರಹದಿಂದ ತುಂಬಿದ್ದುವು. ಓದುವ ಕಣ್ಣು ಮಾತ್ರ ಇರಲಿಲ್ಲ. ಪುಸ್ತಕವು ಉಳಿದರೂ ಅಕ್ಷರವನ್ನು ಅರಿತವನು ಉಳಿಯದಿದ್ದರೆ ಫಲವೇನು?

ಕನ್ನಡಿಗರಿಗೆ ಪ್ರಿಯವಾದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕೈರೋವಿನ ದಕ್ಷಿಣಕ್ಕೆ ಮರಳುಗಾಡಿನ ಅಂಚಿನಲ್ಲಿ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ತಿಪ್ಪೆಗಳಿವೆ. ಅಲ್ಲಿ ಅಗೆದಾಗ ಸಾವಿರಾರು ಪಪೈರಸ್ ಚೂರುಗಳು ದೊರೆತವು. ಅವುಗಳಲ್ಲಿ ೧೯೦೩ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನದಲ್ಲಿ, ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿದ ಒಬ್ಬ ಗ್ರೀಕ್ ಹೆಂಗಸನ್ನು ಅವಳ ಅಣ್ಣನು ಬಿಡಿಸಿಕೊಂಡು ಹೋಗುವ ಕಥೆಯುಂಟು. ಅಲ್ಲಿಯ ಅರಸನೂ ಪರಿವಾರವೂ ಆಡುವ ಮಾತುಗಳು ಗ್ರೀಕ್ ಅಲ್ಲ. ಅವು ಕನ್ನಡವೆಂದು ಹುಲ್ಟ್ಜ್ ಎಂಬ ಜರ್ಮನ್ ಪಂಡಿತರು ೧೯೦೪ರಲ್ಲಿ ಸೂಚಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ತಾಳೆಯೋಲೆಯಿಂದ ೧೯೦೯ರಲ್ಲಿ ಪ್ರಕಟಿಸಿದ ಶಾಮಾಶಾಸ್ತ್ರಿಗಳು ಅದನ್ನು ಸಮರ್ಥಿಸಿದರು. ಒಪ್ಪದ ವಿದ್ವಾಂಸರೂ ಉಂಟು. ಅದೇನೇ ಇರಲಿ, ಮಹಾಗ್ರಂಥಾಲಯದ ಲಕ್ಷಾಂತರ ಸುರುಳಿಗಳಲ್ಲಿ ಒಂದೂ ಇಂದು ನಮ್ಮ ಕೈಗೆ ಬಂದಿಲ್ಲ. ತಿಪ್ಪೆಗೆ ಎಸೆದ ಚೂರುಗಳು ಒಣಮರಳಿನ ದಯೆಯಿಂದ ಉಳಿದು ಬಂದುವು. ಮರಳುಗಾಡಿಲ್ಲದ ನಮ್ಮ ಸೀಮೆಯಲ್ಲಿ ಯಾವ ತಿಪ್ಪೆಯೂ ಯಾವ ಗ್ರಂಥವನ್ನೂ ಕಾಪಾಡದು.

ಊರಿಗೆ ಮರಳಿದ ಮೇಲೆ ನಾವು ಮಾಡಿದ ಮೊದಲ ಕೆಲಸವು ಅಟ್ಟವನ್ನು ಹತ್ತಿದುದು. ಅಲ್ಲಿ ನಮ್ಮ ತಂದೆಯವರ ಮರದ ಪೆಟ್ಟಿಗೆಯಿದ್ದಿತು. ಅದರಲ್ಲಿ ಅವರ ಅಜ್ಜನ ಕಾಲದ ಹನ್ನೊಂದು ತಾಳೆಯೋಲೆ ಕಟ್ಟುಗಳು. ತಂದೆಯವರು ಪ್ರತಿವರ್ಷವೂ ಅವನ್ನು ಇಳಿಸಿ, ನೆರಳಿನಲ್ಲಿ ಆರಿಸಿ, ಎಣ್ಣೆ ಸವರಿ, ಅರಿಸಿನದ ಬಟ್ಟೆಯಲ್ಲಿ ಮತ್ತೆ ಕಟ್ಟಿಡುತ್ತಿದ್ದರು. ಅವು ನಂದಿನಾಗರಿ ಲಿಪಿಯವು. “ಕಲಿತುಕೊಳ್ಳೋ, ನನ್ನ ತರುವಾಯ ಓದುವವರಿಲ್ಲ” ಎಂದು ಎಷ್ಟೋ ಸಲ ಹೇಳಿದ್ದರು. ಸಂಸ್ಕೃತದಲ್ಲಿ ಪದವಿ ಪಡೆದು, ಅಚ್ಚಿನ ದೇವನಾಗರಿ ಪುಸ್ತಕಗಳಿಂದ ಕಪಾಟನ್ನು ತುಂಬಿಕೊಂಡಿದ್ದ ನಮಗೆ ಆ ಹಳೆಯ ಲಿಪಿಯ ಅವಶ್ಯಕತೆಯು ತೋರಲಿಲ್ಲ. ಅವರು ತೀರಿಕೊಂಡು ಇಪ್ಪತ್ತೆರಡು ವರ್ಷಗಳಾದುವು. ಆ ಇಪ್ಪತ್ತೆರಡು ವರ್ಷಗಳಲ್ಲಿ ಪೆಟ್ಟಿಗೆಯನ್ನು ನಾವು ಒಮ್ಮೆಯೂ ತೆರೆದಿರಲಿಲ್ಲ.

ತೆರೆದೆವು. ಮೂರು ಕಟ್ಟುಗಳು ಗೆದ್ದಲಿಗೆ ಆಹಾರವಾಗಿ ಮಣ್ಣಾಗಿದ್ದುವು. ಎರಡು ಕಟ್ಟುಗಳು ಹೆಂಚಿನ ಸೋರಿಕೆಯಿಂದ ಅಂಟಿಕೊಂಡು ಹಲಗೆಯಂತಾಗಿದ್ದುವು. ಮಿಕ್ಕ ಆರು ಉಳಿದಿವೆ. ಸೀಸರನು ಬಂದಿರಲಿಲ್ಲ, ಭೂಕಂಪವೂ ಆಗಿರಲಿಲ್ಲ. ಅದೇ ಮನೆಯಲ್ಲಿ, ಅದೇ ಅಟ್ಟದ ಕೆಳಗೆ ಕುಳಿತು ನಾವು ಅಲೆಕ್ಸಾಂಡ್ರಿಯಾದ ಬೆಂಕಿಯ ಪಾಠಕ್ಕೆ ಟಿಪ್ಪಣಿ ಬರೆಯುತ್ತಿದ್ದೆವು.

ಉಳಿದ ಓಲೆಗಳನ್ನು ಮೆತ್ತನೆಯ ಕುಂಚದಿಂದ ಒರಸಿ, ತಿಳಿದವರೊಬ್ಬರ ಸಲಹೆಯಂತೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರಿ, ಒಂದೊಂದು ಓಲೆಯ ಛಾಯಾಚಿತ್ರವನ್ನೂ ತೆಗೆಸಿಟ್ಟಿರುವೆವು. ಅದೇ ಮಹನೀಯರು ವಾರಕ್ಕೆರಡು ದಿನ ನಮಗೆ ನಂದಿನಾಗರಿಯ ಅಕ್ಷರಾಭ್ಯಾಸ ಮಾಡಿಸುತ್ತಿರುವರು. ಈ ವಯಸ್ಸಿನಲ್ಲಿ ಅ ಆ ಇ ಈ ತಿದ್ದುವುದು ಸುಲಭವಲ್ಲ. ನಮ್ಮ ಶಿಷ್ಯರ ಮೇಲೆ ನಾವು ತೋರಿದ ಕೋಪವೆಲ್ಲ ದಿನವೂ ನೆನಪಿಗೆ ಬರುತ್ತದೆ. ಎರಡು ತಿಂಗಳಾದ ಮೇಲೆ ಒಂದು ಕಟ್ಟಿನ ಕಡೆಯ ಓಲೆಯನ್ನು ಓದಲು ಶಕ್ತರಾದೆವು. ಗ್ರಂಥವು ಅಪೂರ್ವವಾದುದೇನೂ ಅಲ್ಲ. ಅಂಗಡಿಯಲ್ಲಿ ಅಚ್ಚಾಗಿ ಸಿಕ್ಕುವ ಅಮರಕೋಶವೇ. ಕೊನೆಯಲ್ಲಿ ನಮ್ಮ ಮುತ್ತಜ್ಜನ ಹೆಸರಿದೆ. ಮನೆಯಲ್ಲಿದ್ದ ಹಳೆಯ ಓಲೆಗಳು ಜೀರ್ಣವಾದುದರಿಂದ ಮಕ್ಕಳ ಓದಿಗಾಗಿ ಇದನ್ನು ಹೊಸದಾಗಿ ಬರೆದೆನೆಂದು ಅವರು ತಿಳಿಸಿರುವರು.

ಮಣ್ಣಾದ ಆ ಮೂರು ಕಟ್ಟುಗಳಲ್ಲಿ ಏನಿದ್ದಿತೆಂಬುದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಅವೂ ಅಮರಕೋಶದಂತಹ ಸಾಮಾನ್ಯ ಗ್ರಂಥಗ‍ಳೇ ಆಗಿದ್ದಿರಲೆಂದು ನಾವು ಹಾರೈಸುತ್ತಿರುವೆವು.

ವಾಚಕರಲ್ಲಿ ಅನುಕೂಲವುಳ್ಳವರು ಯವನಪುರಕ್ಕೆ ಹೋಗಿಬರಲಿ. ಮೂರು ದಿನಗಳು ಸಾಕು, ನಾಲ್ಕಿದ್ದರೆ ಲೇಸು. ಕಡಲು, ಕೋಟೆ, ಕಂಬಗಳನ್ನು ನೋಡಿ ಸಂತೋಷಪಟ್ಟ ಮೇಲೆ, ಆ ಪಾಠದ ಕೊಠಡಿಗಳಲ್ಲಿ ಕಾಲು ಗಂಟೆಯ ಹೊತ್ತು ಕುಳಿತುಬರಲಿ. ಹೋಗಲಾರದವರು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮನೆಯಲ್ಲಿ ಹಿರಿಯರ ಪೆಟ್ಟಿಗೆಯೊಂದಿದ್ದರೆ ಈ ಮಳೆಗಾಲವು ಹಿಡಿಯುವ ಮುನ್ನ ಅದನ್ನು ಇಳಿಸಿ ಬಿಚ್ಚಿ ನೋಡಿರಿ. ಓದಲು ಬಾರದಿದ್ದರೆ ಓದಬಲ್ಲವರನ್ನು ಹುಡುಕಿರಿ. ಅಂತಹವರು ಇನ್ನೂ ಇದ್ದಾರೆ. ಮೊಮ್ಮಗಳು ಕಳೆದ ವಾರ ದೂರವಾಣಿಯಲ್ಲಿ, “ತಾತ, ನಿಮಗೆ ಎಷ್ಟು ಅಕ್ಷರ ಬಂತು?” ಎಂದು ಕೇಳಿದಳು. ಒತ್ತಕ್ಷರಗಳು ಇನ್ನೂ ಬಾಕಿಯಿವೆ ಎಂದೆವು. ಬೇಸಿಗೆಯ ರಜಕ್ಕೆ ಬಂದಾಗ ತನಗೂ ಕಲಿಸಬೇಕೆಂದು ಹೇಳಿದ್ದಾಳೆ. ಆದುದರಿಂದ ಅಷ್ಟರೊಳಗೆ ನಾವು ಪಾಠವನ್ನು ಮುಗಿಸಬೇಕಾಗಿದೆ.